ಗಿರಣಿ ಬೀದಿಯ ಹೊಂಗೆ ಕೊಂಬೆ

ಸೊರಬ
೧೨ ಜೂನ್ ೨೦೨೪

ಗಂಗಾ,

ನಿನ್ನ ಲಕೋಟೆ ಸೋಮವಾರ ಬಂತು. ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನಿಂತು ಗಂಟಲು ಹರಿಯುವಷ್ಟು ಕೂಗಿದನಂತೆ. ನನಗೆ ಎಲ್ಲಿ ಕೇಳಿಸಬೇಕು? ತಮ್ಮನ ಮಗ ವೈಭವ್ ಹೋಗಿ ಇಸಕೊಂಡು ಬಂದ. "ಅತ್ತೆ, ಈಗಿನ ಕಾಲದಲ್ಲಿ ಯಾರು ಪತ್ರ ಬರೀತಾರೆ? ವಿಡಿಯೋ ಕಾಲ್ ಮಾಡಿ ಮುಖ ನೋಡ್ಕೊಂಡು ಮಾತಾಡಿ" ಎಂದು ಅವನ ಉಪದೇಶ. ಕಿವಿಗೆ ಹಾಕುವ ಯಂತ್ರ ತರಿಸಿಕೊಟ್ಟವನೂ ಅವನೇ. ಅದು ಮೇಜಿನ ಡ್ರಾಯರಿನಲ್ಲಿ ನನಗಿಂತ ಸುಖವಾಗಿದೆ. ಮುಖ ನೋಡಿ ನಾನೇನು ಮಾಡಲಿ? ನಿನ್ನ ಮುಖವನ್ನು ಡ್ರಾಯಿಂಗ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮೂರು ವರ್ಷ ನೋಡಿದ್ದೇನೆ. ನನಗೆ ಬೇಕಾದದ್ದು ನೀನು ತೆಗೆದ ಚಿತ್ರ, ಅದೂ ಕಾಗದದ ಮೇಲೆ.

ಮಳೆ ಬಂದರೆ ನಿಮ್ಮ ಶಿಕಾರಿಪುರದವರೆಲ್ಲ ಪ್ಯಾಂಟು ಸೀರೆ ಎತ್ತಿಕೊಂಡು ಬೈಯುತ್ತ ಓಡಾಡುತ್ತಾರೆ, ನೀನೊಬ್ಬಳು ಸ್ಟುಡಿಯೋ ಬಾಗಿಲು ಎಳೆದು ನಿಂತ ನೀರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತೀಯ. ಇರಲಿ, ಒಳ್ಳೆಯ ಹುಚ್ಚು. ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಕಣ್ಣು ಮೊಂಡಾಗುವುದಕ್ಕಿಂತ ಮೇಲು.

ಆದರೆ ಈ ಸಲದ ಮೂರೂ ಚಿತ್ರದಲ್ಲಿ ಒಂದೇ ತಪ್ಪು. ಒಂದರಲ್ಲಿ ಹಾಲಿನ ಪ್ಯಾಕೆಟ್ಟು ತೇಲುತ್ತಿದೆ, ಇನ್ನೊಂದರಲ್ಲಿ ಯಾರದೋ ಚಪ್ಪಲಿ, ಮೂರನೆಯದರಲ್ಲಿ ಮೋಡದ ನಟ್ಟನಡುವೆ ಒಂದು ಕೋಲು. ನಮ್ಮ ಮನೆಯ ಕನ್ನಡಿಗೆ ಹೆಂಗಸರೆಲ್ಲ ಸೇರಿ ಸ್ಟಿಕ್ಕರ್ ಬೊಟ್ಟು ಅಂಟಿಸಿಟ್ಟಿದ್ದಾರೆ, ಮುಖ ನೋಡಿಕೊಂಡರೆ ಸಿಡುಬು ಎದ್ದವಳ ಹಾಗೆ ಕಾಣುತ್ತೇನೆ. ನಿನ್ನ ಚಿತ್ರವೂ ಹಾಗೇ ಆಗಿದೆ. ಕೈ ಹಾಕಿ ಆ ಕೋಲು ಕಿತ್ತು ಬಿಸಾಡಲು ನಿನಗೇನು ದಾಡಿ? ಅಡ್ಡ ಬಂದದ್ದನ್ನು ಮೊದಲು ತೆಗೆ, ಆಮೇಲೆ ಕ್ಲಿಕ್ಕಿಸು. ಸೋಮಾರಿಗಳಿಗೆ ಚಿತ್ರ ಒಲಿಯುವುದಿಲ್ಲ.

ನಿನ್ನ ಯಜಮಾನ ಸಿದ್ಧಲಿಂಗೇಶನಿಗೆ ನಾನು ಕೇಳಿದೆ ಅನ್ನು.

ಸತ್ಯವತಿ


ಶಿಕಾರಿಪುರ
೨ ಜುಲೈ ೨೦೨೪, ಬೆಳಿಗ್ಗೆ

ಅಕ್ಕೋರೇ,

ಬೈಸಿಕೊಂಡದ್ದು ಸಾರ್ಥಕವಾಯಿತು! ಇದರ ಜೊತೆ ಎರಡು ಚಿತ್ರ ಇಟ್ಟಿದ್ದೇನೆ. ಮೊದಲು ಕೊಂಬೆ ಇರುವುದನ್ನು ನೋಡಿ, ಆಮೇಲೆ ಇನ್ನೊಂದನ್ನು.

ನಿನ್ನೆ ಮಧ್ಯಾಹ್ನವೆಲ್ಲ ಸುರಿದು ಸಂಜೆ ಐದರ ಹೊತ್ತಿಗೆ ಹೊಳವಾಯಿತು. ನಮ್ಮ ಗಿರಣಿ ಬೀದಿ ನಿಮಗೆ ಗೊತ್ತಲ್ಲ, ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೆದ್ದಿದೆ, ಅಂಗಡಿಗಳು ಕೆಳಗಾಗಿವೆ. ನೀರಿಗೆ ಹೋಗಲು ದಾರಿಯಿಲ್ಲ. ಲೋಕಪ್ಪಣ್ಣನ ಹಿಟ್ಟಿನ ಗಿರಣಿಯ ಮುಂದೆಯಂತೂ ಕೆರೆಯೇ ಸರಿ. ಒಳಗೆ ನುಗ್ಗಿದರೆ ಹಿಟ್ಟು, ಮೋಟಾರು ಎರಡೂ ಹಾಳು. ಅದಕ್ಕೇ ಅವರು ಹಾರೆ ಹಾಕಿ ಚರಂಡಿಯ ಒಂದು ಚಪ್ಪಡಿ ಎತ್ತಿಡುತ್ತಾರೆ, ನೀರು ನಿಧಾನಕ್ಕೆ ಇಳಿಯುತ್ತದೆ. ತೆರೆದ ಬಾಯಿ ನೀರಿನಡಿ ಯಾರಿಗೂ ಕಾಣುವುದಿಲ್ಲವಲ್ಲ, ಪಕ್ಕದ ಸಂದಿಯಲ್ಲಿ ಒಂದು ಹಸಿ ಕೊಂಬೆ ನೆಡುತ್ತಾರೆ. ನಮ್ಮ ಬೀದಿಯಲ್ಲಿ ಚಪ್ಪಡಿ ಎತ್ತಿದವರೆಲ್ಲ ಹೀಗೇ ಮಾಡುವುದು. ಸೊಪ್ಪು ಕಂಡರೆ ಜನ ಸುತ್ತಿಕೊಂಡು ಹೋಗುತ್ತಾರೆ.

ನಾನು ಹೋದಾಗ ನೀರಿನೊಳಗೆ ಗಿರಣಿಯ ಬೋರ್ಡು ತಲೆಕೆಳಗಾಗಿ ನಿಂತಿತ್ತು. ಅದರ ಕೆಳಗೆ ತೊಳೆದ ಆಕಾಶ, ಕರೆಂಟು ತಂತಿ, ತಂತಿಯ ಮೇಲೆ ಸಾಲಾಗಿ ಹನ್ನೊಂದು ಗೊರವಂಕ. ಸರಿಯಾಗಿ ನಡುವೆ ಆ ಹೊಂಗೆ ಕೊಂಬೆ, ನಾಲ್ಕು ಹಕ್ಕಿಗಳನ್ನು ನುಂಗಿಕೊಂಡು. ಹಾಗೇ ಒಂದು ತೆಗೆದೆ. ಆಮೇಲೆ ನಿಮ್ಮ ಬೈಗುಳ ನೆನಪಾಯಿತು. ಬಗ್ಗಿ ಕೊಂಬೆ ಕಿತ್ತು ಗೋಡೆಯ ಬುಡಕ್ಕೆ ಎಸೆದೆ. ನೀರು ಮತ್ತೆ ನಿಲ್ಲುವ ತನಕ ಉಸಿರು ಹಿಡಿದು ಕಾದೆ, ಪುಣ್ಯಕ್ಕೆ ಹಕ್ಕಿಗಳೂ ಕಾದವು. ಎರಡನೆಯದು ತೆಗೆದೆ. ಎಣಿಸಿ ನೋಡಿ, ಹನ್ನೊಂದೂ ಇವೆ. ಕೊಂಬೆ ಮತ್ತೆ ನೆಡಬೇಕು ಅಂದುಕೊಳ್ಳುವಷ್ಟರಲ್ಲಿ ದಪ್ಪ ಹನಿ ಬಿದ್ದವು. ಕ್ಯಾಮೆರಾವನ್ನು ವೇಲಿನಲ್ಲಿ ಸುತ್ತಿಕೊಂಡು ಓಡಿದೆ.

ಮೂಲೆಯಲ್ಲಿ ತಾರೀಕು, ಗಂಟೆ ಅಚ್ಚಾಗಿದೆ, ಅದಕ್ಕೆ ಬೈಯಬೇಡಿ. ಮೊದಲನೆಯದು ೫.೫೨, ಎರಡನೆಯದು ೫.೫೮. ಆರು ನಿಮಿಷದಲ್ಲಿ ಎಷ್ಟು ವ್ಯತ್ಯಾಸ!

ಯಜಮಾನರು ಕೆಲಸದ ಮೇಲೆ ಆನವಟ್ಟಿಗೆ ಹೊರಟಿದ್ದಾರೆ, ಪತ್ರ ಅವರ ಕೈಲೇ ಅಂಚೆಗೆ ಹಾಕಿಸುತ್ತೇನೆ. ಬೀದಿಯ ಆ ತುದಿಯಲ್ಲಿ ಬೆಳಿಗ್ಗೆಯೇ ಏನೋ ಗದ್ದಲ ಕೇಳಿಸುತ್ತಿದೆ. ನಲ್ಲಿ ನೀರಿನ ಜಗಳ ಇರಬೇಕು.

ನಿಮ್ಮ ಹಿಂದಿನ ಬೆಂಚಿನ
ಗಂಗಾಶ್ರೀ


ಸೊರಬ
೧೦ ಜುಲೈ ೨೦೨೪

ಗಂಗಾ,

ಹನ್ನೊಂದೂ ಇವೆ. ಮೂರು ಸಲ ಎಣಿಸಿದೆ. ಅದರಲ್ಲಿ ಒಂದು ಹಕ್ಕಿ ಎಲ್ಲರಿಗೂ ಬೆನ್ನು ಹಾಕಿ ಕೂತಿದೆ, ಅದಕ್ಕೂ ನನ್ನ ಹಾಗೆ ಕಿವಿ ಮಂದವೋ ಏನೋ. ಆ ಚಿತ್ರವನ್ನು ನನ್ನ ಮಂಚದ ಎದುರಿನ ಗೋಡೆಗೆ ಹಚ್ಚಿದ್ದೇನೆ. ಕ್ಯಾಲೆಂಡರ್ ತೆಗೆಸಿದ್ದಕ್ಕೆ ಮನೆಯಲ್ಲಿ ಗೊಣಗಾಟ. ನಲವತ್ತು ವರ್ಷ ಮಕ್ಕಳ ಚಿತ್ರ ತಿದ್ದಿದ್ದೇನೆ, ಹೀಗೆ ಸುಮ್ಮನೆ ನೋಡುತ್ತ ಕೂತದ್ದು ಕಡಿಮೆ. ಹೊಗಳಿದೆ ಎಂದು ತಲೆ ತಿರುಗೀತು, ಜೋಕೆ.

ಕೊಂಬೆ ಇರುವುದನ್ನು ನಿನ್ನ ಪತ್ರದ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಒಂದು ಮಾತು. ಆ ಕೊಂಬೆಯನ್ನು ಆಮೇಲಾದರೂ ಹೋಗಿ ನೆಟ್ಟೆಯಾ? ಬರೆದಿಲ್ಲ. ಬೆಳಿಗ್ಗೆಯ ಗದ್ದಲ ಏನಾಗಿತ್ತು ಎಂದೂ ಬರೆ.

ಸತ್ಯವತಿ


ಶಿಕಾರಿಪುರ
೨೫ ಜುಲೈ ೨೦೨೪

ಅಕ್ಕೋರೇ,

ಉತ್ತರ ತಡವಾಯಿತು. ಮದುವೆ ಆರ್ಡರುಗಳು ಏನೂ ಇಲ್ಲ, ಆದರೂ ಹೊತ್ತು ಸಿಗಲಿಲ್ಲ.

ಗದ್ದಲದ ವಿಷಯ ಕೇಳಿದ್ದಿರಿ. ನಮ್ಮ ಬೀದಿಗೆ ಜೋಳದ ರೊಟ್ಟಿ ತಂದು ಮಾರುವ ಅಕ್ಕನಾಗಮ್ಮ ಆವತ್ತು ಬೆಳಿಗ್ಗೆ ಗಿರಣಿಯ ಮುಂದೆ ಚರಂಡಿಗೆ ಬಿದ್ದರು. ರೊಟ್ಟಿ ಬುಟ್ಟಿ ನೀರಿನ ಮೇಲೆ ತೇಲುತ್ತಿತ್ತಂತೆ, ಅದನ್ನು ನೋಡಿದವರು ಓಡಿ ಬಂದು ಎತ್ತಿದರು. ತೊಡೆಯ ಮೂಳೆ ಮುರಿದಿದೆ. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ, ಮಲಗಿದಲ್ಲೇ ಎಲ್ಲ. ನಡೆಯುವುದು ಕಷ್ಟ ಅನ್ನುತ್ತಾರೆ. ಎಪ್ಪತ್ತು ದಾಟಿದ ಜೀವ.

ಅವರ ಮಗ ರಾಜಕುಮಾರ್ ಲೋಕಪ್ಪಣ್ಣನ ಮೇಲೆ ದೂರು ಕೊಟ್ಟಿದ್ದಾನೆ. ಚಪ್ಪಡಿ ತೆಗೆದು ಗುರುತಿಗೆ ಸೊಪ್ಪು ನೆಡಲಿಲ್ಲ ಎಂದು. ಲೋಕಪ್ಪಣ್ಣ ಕಂಡಕಂಡವರ ಮುಂದೆ "ಐದು ಗಂಟಿಗೆ ನಾನೇ ಕೈಯಾರ ನೆಟ್ಟೀನಿ, ಮಳಿಗೆ ಹೋಗಿರ್ಬೇಕು" ಅನ್ನುತ್ತಾರೆ. ಜನ ನಂಬುತ್ತಿಲ್ಲ. ಗಿರಣಿಗೆ ಬರುವ ಹೆಂಗಸರು ಕಡಿಮೆಯಾಗಿದ್ದಾರೆ. ಅಕ್ಕನಾಗಮ್ಮನ ಜೋಳವನ್ನು ಮೂವತ್ತು ವರ್ಷದಿಂದ ಬೀಸಿ ಕೊಟ್ಟವರು ಅವರೇ, ಈಗ ಆ ಮನೆಯ ಮುಂದೆ ಹಾಯಲು ಬಿಡುತ್ತಿಲ್ಲ.

ಮಳೆಗಾಲದಲ್ಲಿ ಹೀಗೆಲ್ಲ ಆಗುತ್ತಲೇ ಇರುತ್ತದೆ, ಅಲ್ಲವೇ?

ಇನ್ನೊಂದು ವಿಷಯ. ಕಳಿಸಿದ ಚಿತ್ರಗಳ ಪ್ರಿಂಟು ಚೆನ್ನಾಗಿ ಬಂದಿರಲಿಲ್ಲ. ಕೊಂಬೆ ಇರುವುದನ್ನು ವಾಪಸ್ ಕಳಿಸಿಬಿಡಿ. ಆ ಪತ್ರವನ್ನೂ. ಬೇರೆ ಒಳ್ಳೆಯ ಪ್ರಿಂಟು ಕಳಿಸುತ್ತೇನೆ.

ಗಂಗಾಶ್ರೀ


ಸೊರಬ
೩೧ ಜುಲೈ ೨೦೨೪

ಗಂಗಾ,

ಪ್ರಿಂಟು ಚೆನ್ನಾಗಿದೆ. ಪತ್ರದಲ್ಲಿ ಎಂಥ ಪ್ರಿಂಟು ಕೆಟ್ಟಿತು?

ನಾನು ಕೇಳಿದ ಪ್ರಶ್ನೆ ಒಂದೇ. ಕೊಂಬೆ ಮತ್ತೆ ನೆಟ್ಟೆಯಾ ಇಲ್ಲವಾ? ಒಂದು ಸಾಲಿನಲ್ಲಿ ಬರೆ.

ಸತ್ಯವತಿ


ಶಿಕಾರಿಪುರ
೧೯ ಆಗಸ್ಟ್ ೨೦೨೪

ಅಕ್ಕೋರೇ,

ಇಲ್ಲ. ನೆಡಲಿಲ್ಲ.

ಒಂದು ಸಾಲಿನಲ್ಲಿ ಬರೆ ಅಂದಿರಿ, ಬರೆದೆ. ಇದನ್ನು ಬರೆಯಲು ಹತ್ತೊಂಬತ್ತು ದಿನ ಹಿಡಿಯಿತು. ಆವತ್ತು ಸಂಜೆ ಮಳೆ ನಿಂತ ಮೇಲೆ ಹೋಗಬಹುದಿತ್ತು. ಪ್ರಿಂಟು ಹಾಕುತ್ತ ಕೂತೆ. ಹನ್ನೊಂದು ಹಕ್ಕಿ ನೋಡುತ್ತ ಮೈಮರೆತು ಕೂತೆ. ಆ ಕೊಂಬೆ ನನ್ನ ತಲೆಯಿಂದ ಪೂರ್ತಿ ಹೋಗಿತ್ತು. ನಿಮಗೆ ಪತ್ರ ಬರೆಯುವಾಗ ಕೇಳಿಸಿದ ಗದ್ದಲ ನೀರಿನ ಜಗಳದ್ದಲ್ಲ, ಅಕ್ಕನಾಗಮ್ಮನನ್ನು ಎತ್ತುತ್ತಿದ್ದರು. ಪತ್ರ ಹಿಡಿದು ಯಜಮಾನರು ಹೋದ ಮೇಲೆ ನಾನು ಗಿರಣಿಯ ತನಕ ಹೋದೆ. ಗೋಡೆಯ ಬುಡದಲ್ಲಿ ಎಸೆದ ಕೊಂಬೆ ಅಲ್ಲೇ ಬಿದ್ದಿತ್ತು. ನಾನು ಏನು ಮಾಡಿದೆ ಗೊತ್ತೇ? ಎಲ್ಲರೂ ಅವರನ್ನು ಆಟೋಗೆ ಹತ್ತಿಸುತ್ತಿದ್ದಾಗ ಅದನ್ನು ಕಾಲಿನಿಂದ ಚರಂಡಿಗೆ ನೂಕಿದೆ.

ಇನ್ನೂ ಇದೆ, ಕೇಳಿ. ಆ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿಸಿ ಮೊದಲ ದಿನವೇ ಸ್ಟುಡಿಯೋದ ಗಾಜಿನಲ್ಲಿ ಇಟ್ಟಿದ್ದೆ. ತೆಗೆದುಬಿಟ್ಟರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ ಎಂಬ ಹೆದರಿಕೆಗೆ ಹಾಗೇ ಬಿಟ್ಟೆ. ಹೋದ ವಾರ ರಾಜಕುಮಾರ್ ಅದರ ಮುಂದೆ ನಿಂತ. ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಬಂದು ಕೇಳಿದ: "ಗಂಗಕ್ಕ, ಇದು ಅವ್ವ ಬಿದ್ದ ಹಿಂದಿನ ಸಂಜೀದೇ ಅಲ್ವೇನು? ತಾರೀಖು ಬಿದ್ದೈತಿ. ಆರಕ್ಕ ಎರಡು ನಿಮಿಷ ಕಮ್ಮಿ. ಎಲ್ಲೈತಿ ಸೊಪ್ಪು? ಐದು ಗಂಟಿಗೆ ನೆಟ್ಟೆ ಅಂತಾನಲ್ಲ ಆ ಮುದುಕ, ಎಲ್ಲೈತಿ?" ಅವನ ಕಣ್ಣಲ್ಲಿ ನೀರಿತ್ತು. ಗಾಜಿನಿಂದ ಚಿತ್ರ ತೆಗೆದುಕೊಂಡು ಹೋದ. ನಾನು ಆ ಖಾಲಿ ಜಾಗದಲ್ಲಿ ಬೇರೆ ಚಿತ್ರ ಇಟ್ಟೆ.

ಮೊನ್ನೆ ಠಾಣೆಗೆ ಕರೆದಿದ್ದರು. ಚಿತ್ರ ನೀವೇ ತೆಗೆದದ್ದೇ, ಹೌದು. ಗಂಟೆ ಸರಿಯಿದೆಯೇ, ಹೌದು. ಕಂಪ್ಯೂಟರಿನಲ್ಲಿ ಏನಾದರೂ ಅಳಿಸಿದ್ದೀರಾ, ಇಲ್ಲ. ಹಾಗೇ ಬರೆದುಕೊಂಡರು, ಸಹಿ ಹಾಕಿದೆ. ಅವರು ಕೇಳಿದ್ದು ಅಷ್ಟೇ. ಹೊರಗೆ ಬೆಂಚಿನ ಮೇಲೆ ಲೋಕಪ್ಪಣ್ಣ ಕೂತಿದ್ದರು. ನನ್ನನ್ನು ಕಂಡು "ಊಟ ಆತೇನವ್ವ" ಅಂದರು.

ಮೊದಲನೆಯ ಚಿತ್ರವನ್ನು ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ಅಳಿಸಿಹಾಕಿದ್ದೇನೆ. ಈಗ ಇರುವುದು ನಿಮ್ಮ ಹತ್ತಿರ ಇರುವುದೊಂದೇ. ಯಜಮಾನರಿಗೆ ಎಲ್ಲ ಹೇಳಿದೆ. "ಸುಮ್ನಿದ್ದುಬಿಡು, ಬಾಯಿ ಬಿಟ್ರೆ ಇಡೀ ಬೀದಿ ನಮ್ಮ ಮೇಲೆ ಬೀಳ್ತೈತೆ" ಅಂದರು. ಅಂದಿನಿಂದ ಅವರೂ ಸರಿಯಾಗಿ ಊಟ ಮಾಡುತ್ತಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ಅಡ್ಡ ಬಂದದ್ದನ್ನು ಕಿತ್ತು ಬಿಸಾಡು ಎಂದು ಬರೆದವರು ಯಾರು? ಹಾಲಿನ ಪ್ಯಾಕೆಟ್ಟು, ಚಪ್ಪಲಿ, ಕೋಲು ಎಲ್ಲ ಇದ್ದ ಹಾಗೇ ನಾನು ತೆಗೆಯುತ್ತಿದ್ದೆ. ಇದ್ದದ್ದು ಇದ್ದ ಹಾಗೇ. ಸೋಮಾರಿ ಅಂದಿರಿ. ಚಿತ್ರ ವಾಪಸ್ ಕಳಿಸಿ, ಇಲ್ಲವೇ ಹರಿದುಹಾಕಿ.

ಗಂಗಾಶ್ರೀ


ಸೊರಬ
೨೬ ಆಗಸ್ಟ್ ೨೦೨೪

ಗಂಗಾ,

ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಬರೆದವಳು ನಾನು. ನಿನ್ನ ಹತ್ತಿರ ಆ ಪತ್ರ ಇದೆ, ಜೂನ್ ಹನ್ನೆರಡರದು. ಅದನ್ನು ಹರಿಯಬೇಡ, ಬೇಕಾಗುತ್ತದೆ. ನಾನು ಗೋಡೆಯ ಮೇಲಿನ ಹಕ್ಕಿಗಳನ್ನು ತೆಗೆದು ಕ್ಯಾಲೆಂಡರ್ ಹಾಕಿಸಿದೆ. ಮನೆಯವರಿಗೆ ಸಮಾಧಾನವಾಗಿದೆ, ನನಗಿಲ್ಲ.

ಠಾಣೆಯಲ್ಲಿ ನೀನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ, ಅದನ್ನು ಓದಿಯೇ ನನಗೆ ಹೆದರಿಕೆಯಾಯಿತು. ಒಂದಾದರೂ ಸುಳ್ಳು ಹೇಳಿದ್ದರೆ ಸಿಕ್ಕಿಬೀಳುತ್ತಿದ್ದೆ, ಬಚಾವಾಗುತ್ತಿದ್ದೆ. ಈಗ ನಿನ್ನ ಚಿತ್ರವೇ ಆ ಮನುಷ್ಯನ ಮೇಲೆ ಸಾಕ್ಷಿ ಹೇಳುತ್ತಿದೆ, ನೀನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೀಯ.

ನಿನಗೆ ನೆನಪಿದೆಯೋ ಇಲ್ಲವೋ, ಒಂಬತ್ತನೇ ಕ್ಲಾಸಿನಲ್ಲಿ ನೀನು ನನ್ನ ಮೇಜಿನ ಮೇಲಿದ್ದ ಬಣ್ಣದ ಬಾಟಲಿ ಬೀಳಿಸಿ ಒಡೆದಿದ್ದೆ. ನಾನು ಬೇರೆ ಹುಡುಗಿಯನ್ನು ಬೈಯುತ್ತಿದ್ದಾಗ ನೀನೇ ಎದ್ದು ನಿಂತು ನೀಲಿ ಕೈ ತೋರಿಸಿದೆ. ಆವತ್ತು ನಿನಗೆ ಹೊಡೆದೆನೋ ಇಲ್ಲವೋ ಮರೆತಿದ್ದೇನೆ, ಆ ಕೈ ಮರೆತಿಲ್ಲ.

ಚಿತ್ರ ಕಳಿಸುವುದಿಲ್ಲ. ಹರಿಯುವುದೂ ಇಲ್ಲ.

ಸತ್ಯವತಿ


ಶಿಕಾರಿಪುರ
೧೪ ಸೆಪ್ಟೆಂಬರ್ ೨೦೨೪

ಅಕ್ಕೋರೇ,

ಎಲ್ಲ ಮುಗಿಯಿತು. ಇನ್ನು ಮೇಲೆ ನೀವು ಚಿಂತೆ ಮಾಡುವುದು ಬೇಡ.

ಭಾನುವಾರ ಅಕ್ಕನಾಗಮ್ಮನ ಮನೆಯ ಜಗಲಿಯ ಮೇಲೆ ಬೀದಿಯ ನಾಲ್ಕು ಜನ ಹಿರಿಯರು ಸೇರಿದ್ದರು. ಲೋಕಪ್ಪಣ್ಣ ಬಂದರು. ರಾಜಕುಮಾರ್ ಆ ಚಿತ್ರವನ್ನು ಅವರ ಮುಂದೆ ಹಿಡಿದು "ಇನ್ನೂ ನೆಟ್ಟೀನಿ ಅಂತೀಯೇನು?" ಎಂದು ಕೇಳಿದ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎಲ್ಲರಿಗೂ ಕೇಳಿಸುವ ಹಾಗೆ "ನೆಟ್ಟಿಲ್ಲ ಅನ್ಸುತ್ತಪ್ಪ. ನೆಟ್ಟೀನಿ ಅಂತ ತಲೆಯಾಗೆ ಇತ್ತು. ಫೋಟೋ ಸುಳ್ಳು ಹೇಳ್ತೈತೇನು? ತಪ್ಪು ನಂದೇ" ಅಂದುಬಿಟ್ಟರು. ಒಳಗೆ ಹೋಗಿ ಅಕ್ಕನಾಗಮ್ಮನ ಕಾಲು ಹಿಡಿದರಂತೆ. ರಾಜಕುಮಾರ್ ದೂರು ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾನೆ. ಕೋರ್ಟು ಕಚೇರಿ ಯಾವುದೂ ಇಲ್ಲ. ಅವರೇ ಒಪ್ಪಿಕೊಂಡ ಮೇಲೆ ಯಾರಿಗೂ ತೊಂದರೆಯಿಲ್ಲ. ಗುಂಪಿನ ಹಿಂದೆ ನಿಂತು ಈ ಮಾತು ಕೇಳಿ ನಾನು ಉಸಿರು ಬಿಟ್ಟೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಈಗ ಬೀದಿ ತಣ್ಣಗಿದೆ. ಲೋಕಪ್ಪಣ್ಣ ಸ್ವಲ್ಪ ಇಳಿದಿದ್ದಾರೆ, ವಯಸ್ಸಾಯಿತಲ್ಲ. ಗಿರಣಿಯ ಬೆಲ್ಟು ಹಾಕಿದೆನೋ ಇಲ್ಲವೋ ಎಂದು ಮೂರು ಮೂರು ಸಲ ನೋಡುತ್ತಾರೆ, ಬೀಗ ಹಾಕಿ ಹೋದವರು ಅರ್ಧ ದಾರಿಯಿಂದ ವಾಪಸ್ ಬಂದು ಎಳೆದು ನೋಡುತ್ತಾರೆ ಎಂದು ಅವರ ಹೆಂಡತಿ ನೀಲಾಂಬಿಕ ಹೇಳುತ್ತಿದ್ದರು. ಚಪ್ಪಡಿ ಎತ್ತಿದಾಗ ಕೊಂಬೆ ನೆಡುವುದನ್ನೇ ಬಿಟ್ಟಿದ್ದಾರೆ. ಸ್ಟೂಲು ಹಾಕಿಕೊಂಡು, ಕೊಡೆ ಹಿಡಿದು, ನೀರು ಇಳಿಯುವ ತನಕ ಆ ಗುಂಡಿಯ ಪಕ್ಕ ತಾವೇ ಕೂರುತ್ತಾರೆ. ಬಂದವರಿಗೆಲ್ಲ ಕೈ ಅಡ್ಡ ಹಿಡಿದು ದಾರಿ ತೋರಿಸುತ್ತಾರೆ. ಸದ್ಯ, ಯಾರೂ ಬೀಳುವುದಿಲ್ಲ.

ಆದ್ದರಿಂದ ಆ ಚಿತ್ರ, ಆ ಪತ್ರ ಒಲೆಗೆ ಹಾಕಿಬಿಡಿ. ಕೈ ಮುಗಿದು ಕೇಳುತ್ತೇನೆ. ಮುಗಿದದ್ದನ್ನು ಕೆದಕಿದರೆ ಎಲ್ಲರಿಗೂ ನೋವು.

ಗಂಗಾಶ್ರೀ


ಸೊರಬ
೨೦ ಸೆಪ್ಟೆಂಬರ್ ೨೦೨೪

ಗಂಗಾ,

ಸದ್ಯ ಅಂತೆ! ಆ ಪದವನ್ನು ಹೇಗೆ ಬರೆದೆ?

ಮಾಡಿದ ಕೆಲಸವನ್ನು ಮಾಡಿಲ್ಲ ಎಂದು ಒಬ್ಬ ಮನುಷ್ಯ ಜಗಲಿಯ ಮೇಲೆ ನಿಂತು ಒಪ್ಪಿಕೊಂಡಿದ್ದಾನೆ. ಅವನಿಗೆ ಈಗ ತನ್ನ ಕೈಯ ಮೇಲೆ ನಂಬಿಕೆಯಿಲ್ಲ. ಬೀಗದ ಮೇಲೆ ನಂಬಿಕೆಯಿಲ್ಲ. ಕೊಂಬೆಯ ಬದಲು ತಾನೇ ಮಳೆಯಲ್ಲಿ ನೆಟ್ಟುಕೊಂಡು ಕೂತಿದ್ದಾನೆ. ಇದನ್ನೆಲ್ಲ ನೀನೇ ಕಣ್ಣಾರೆ ನೋಡಿ ನನಗೆ ಬರೆದು, ವಯಸ್ಸಾಯಿತು ಅನ್ನುತ್ತೀಯ. ನನಗೂ ವಯಸ್ಸಾಗಿದೆ. ಇವತ್ತು ಯಾರಾದರೂ ಬಂದು, ನೀನು ಜೂನ್ ಹನ್ನೆರಡರಂದು ಪತ್ರ ಬರೆದೇ ಇಲ್ಲ ಎಂದು ನಾಲ್ಕು ಜನರ ಮುಂದೆ ಸಾಧಿಸಿದರೆ, ನಾಳೆ ನಾನೂ ಹೌದೇನೋ ಅಂದೇನು. ಈ ವಯಸ್ಸಿನಲ್ಲಿ ಮನುಷ್ಯರಿಗೆ ಉಳಿದಿರುವುದೇ ಅಷ್ಟು ನೆನಪು. ನೀನು ಅದಕ್ಕೆ ಕೈ ಹಾಕಿದ್ದೀಯ.

ಚಿತ್ರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಪ್ರತಿ ಮಾಡಿಸಿಲ್ಲ, ವೈಭವನಿಗೂ ತೋರಿಸಿಲ್ಲ. ಜಗತ್ತಿನಲ್ಲಿ ಇರುವುದು ಇದೊಂದೇ. ನಿನ್ನ ಜುಲೈ ಎರಡರ ಪತ್ರವೂ ಇದೆ. ನಿನ್ನ ಮನೆಯಲ್ಲೂ ಗ್ಯಾಸ್ ಒಲೆ ಇದೆ, ಸುಡುವುದಾದರೆ ನೀನೇ ಸುಡು. ನನ್ನ ಕೈಲಿ ಮಾಡಿಸಬೇಡ.

ಅಕ್ಟೋಬರ್ ಏಳು, ಸೋಮವಾರ, ಬೆಳಗಿನ ಬ‌ಸ್ಸಿಗೆ ನಾನು ಶಿಕಾರಿಪುರಕ್ಕೆ ಬರುತ್ತೇನೆ. ಒಬ್ಬಳೇ ಬರುತ್ತೇನೆ, ಕಿವಿಯ ಯಂತ್ರ ಹಾಕಿಕೊಂಡು. ಬಸ್‌ಸ್ಟ್ಯಾಂಡಿನಿಂದ ನೇರ ಗಿರಣಿಗೆ ಹೋಗಿ ಲೋಕಪ್ಪನವರಿಗೆ ಹೇಳುತ್ತೇನೆ, ಕೊಂಬೆ ಕಿತ್ತು ಬಿಸಾಡು ಎಂದು ಬರೆದವಳು ನಾನು ಎಂದು. ಕಿತ್ತವರು ಯಾರು ಎಂದು ನಾನು ಹೇಳುವುದಿಲ್ಲ. ಅವರು ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ.

ಅಷ್ಟರೊಳಗೆ ಏನು ಮಾಡುತ್ತೀಯೋ ಮಾಡು.

ಸತ್ಯವತಿ


ಶಿಕಾರಿಪುರ
೩ ಅಕ್ಟೋಬರ್ ೨೦೨೪

ಅಕ್ಕೋರೇ,

ಲಕೋಟೆ ಬಂದ ದಿನ ಚಿತ್ರವನ್ನು ಒಲೆಯ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಮುಚ್ಚಿಡುವುದಿಲ್ಲ. ಗ್ಯಾಸು ಹಚ್ಚಿಯೂ ಇದ್ದೆ. ಆಗ ಕೊಂಬೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಇಷ್ಟು ದಿನ ಅದರ ಹಿಂದಿನ ಹಕ್ಕಿಗಳನ್ನೇ ಹುಡುಕುತ್ತಿದ್ದೆ. ಅದು ಸುಮ್ಮನೆ ಸಿಕ್ಕಿಸಿದ ಕೊಂಬೆಯಲ್ಲ ಅಕ್ಕೋರೇ. ವಾಲಬಾರದು ಎಂದು ಬುಡಕ್ಕೆ ಎರಡು ಕಡೆ ಇಟ್ಟಿಗೆ ಚೂರು ಒತ್ತಿದ್ದಾರೆ, ನೀರಿನ ಮೇಲೆ ಅವುಗಳ ತುದಿ ಕಾಣುತ್ತದೆ. ಮಬ್ಬಿನಲ್ಲೂ ಕಾಣಲಿ ಎಂದು ತುದಿಗೆ ಹಿಟ್ಟಿನ ಚೀಲದ ಬಿಳಿ ದಾರ ಕಟ್ಟಿದ್ದಾರೆ. ಅದೂ ಚಿತ್ರದಲ್ಲಿ ಇತ್ತು, ನನಗೆ ಕಂಡಿರಲಿಲ್ಲ. ಒಲೆ ಆರಿಸಿದೆ.

ಮೊನ್ನೆ ಸೋಮವಾರ ಠಾಣೆಗೆ ಹೋದೆ. ಯಜಮಾನರು ಬೇಡ ಬೇಡ ಅನ್ನುತ್ತಲೇ ಬೈಕು ಹೊರಗೆ ತೆಗೆದರು. ಚಿತ್ರ, ನನ್ನ ಪತ್ರ, ನಿಮ್ಮ ಪತ್ರ ಮೂರನ್ನೂ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಕೊಂಬೆಯನ್ನು ಚರಂಡಿಗೆ ನೂಕಿದ್ದನ್ನೂ ಹೇಳಿದೆ. ಎರಡೂವರೆ ಗಂಟೆ ಬರೆದುಕೊಂಡರು. ಪತ್ರಗಳನ್ನು ಇಟ್ಟುಕೊಂಡು, ಚಿತ್ರದ ಪ್ರತಿ ಮಾಡಿಸಿ, ಮೂಲವನ್ನು ಕರೆದಾಗ ತರಬೇಕು ಎಂದು ಬರೆಸಿಕೊಂಡು ಕೊಟ್ಟರು. ಮುಂದೆ ನನ್ನ ಮೇಲೆ ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆಯಿದೆ.

ಅಲ್ಲಿಂದ ಅಕ್ಕನಾಗಮ್ಮನ ಮನೆಗೆ ಹೋದೆ. ರಾಜಕುಮಾರ್ ಕೇಳಿ, ಎದ್ದು ಹೊರಗೆ ಹೋದ. ಅಕ್ಕನಾಗಮ್ಮ ನನ್ನನ್ನು ಮಂಚದ ಹತ್ತಿರ ಕರೆದು ಮುಖ ನೋಡಿದರು. "ಚಿತ್ರಕ್ಕ ಸೊಪ್ಪು ಅಡ್ಡ ಬಂತು, ತಗದಿ. ನಾ ಅಡ್ಡ ಬಂದಿದ್ರ ನನ್ನೂ ತಗೀತಿದ್ದೇನ?" ಅಂದರು. ಕಾಲು ಮುಟ್ಟಲು ಹೋದೆ, "ಆ ಕಾಲು ಬ್ಯಾಡ, ನೋಯ್ತೈತಿ" ಎಂದು ಸರಿಸಿದರು. ನಾಳೆ ಬರುತ್ತೇನೆ ಅಂದೆ. ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎರಡು ದಿನದಿಂದ ಹೋಗುತ್ತಿದ್ದೇನೆ, ಬಾಗಿಲು ತೆಗೆಯುತ್ತಾರೆ.

ಗಿರಣಿಗೆ ಹೋಗುವ ಧೈರ್ಯ ಬಂದದ್ದು ಇವತ್ತು. ಊರಿಗೆಲ್ಲ ಸುದ್ದಿ ಮುಟ್ಟಿರಬೇಕು, ಅವರಿಗೂ ಮುಟ್ಟಿರಬೇಕು ಅಂದುಕೊಂಡಿದ್ದೆ. ಹೇಳುವಷ್ಟು ಹತ್ತಿರ ಅವರ ಬಳಿ ಯಾರೂ ಹೋಗಿರಲಿಲ್ಲ. ಬೆಳಿಗ್ಗೆ ಜೋರು ಮಳೆ ಹೊಡೆದು ನಿಂತಿತ್ತು. ಲೋಕಪ್ಪಣ್ಣ ಎತ್ತಿಟ್ಟ ಚಪ್ಪಡಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು, ಕಾಲು ಪಾದ ಮುಳುಗುವಷ್ಟು ನೀರಿನಲ್ಲಿ. ನನ್ನನ್ನು ಕಂಡ ಕೂಡಲೇ ಕೈ ಅಡ್ಡ ಹಿಡಿದರು. ನಾನು ಆ ಕೈಯಲ್ಲೇ ಚಿತ್ರ ಇಟ್ಟೆ.

ಅವರು ಅದನ್ನು ತಿರುಗಿಸಿ ಬೋರ್ಡು ನೆಟ್ಟಗೆ ಕಾಣುವ ಹಾಗೆ ಹಿಡಿದರು. ಕನ್ನಡಿಯಲ್ಲಿ ಕಂಡ ಹಾಗಿದ್ದ ಅಕ್ಷರ ಕೂಡಿಸಿ ತಮ್ಮ ಹೆಸರು ಓದಿದರು. ಮತ್ತೆ ತಿರುಗಿಸಿದರು. ಬೆರಳು ಕೊಂಬೆಯ ತುದಿಗೆ ಹೋಗಿ ನಿಂತಿತು, ಆ ದಾರದ ಮೇಲೆ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಕಿತ್ತದ್ದು, ಎಸೆದದ್ದು, ಕಾಲಿನಿಂದ ನೂಕಿದ್ದು. ಕೇಳಿಸಿಕೊಂಡರೋ ಇಲ್ಲವೋ. "ನೀಲಾ, ಏ ನೀಲಾ, ಬಾ ಇಲ್ಲಿ" ಎಂದು ಕೂಗಿದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ನೋಡೇ, ದಾರ ಕಟ್ಟೀನಿ. ನೆಟ್ಟೀನಿ ಕಣೇ. ನಾ ನೆಟ್ಟಿದ್ದೆ" ಅಂದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ. ನನಗೆ ಬೈಯಲಿ, ಹೊಡೆಯಲಿ ಎಂದು ಕಾದು ನಿಂತಿದ್ದೆ. ನೀಲಾಂಬಿಕ ಒಂದು ಸಲ ನನ್ನನ್ನು ನೋಡಿದರು, ಆ ನೋಟ ಸಾಕಾಯಿತು.

ನೀವು ಸೋಮವಾರ ಬನ್ನಿ. ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನೀವು ಹೇಳಬೇಕಾದದ್ದನ್ನು ನೀವೇ ಹೇಳಿ, ನಾನು ಜೊತೆಯಲ್ಲಿ ನಿಲ್ಲುತ್ತೇನೆ. ಯಂತ್ರ ಮರೆಯಬೇಡಿ, ಅವರು ಮೆತ್ತಗೆ ಮಾತಾಡುತ್ತಾರೆ.

ಆಮೇಲೆ ಏನಾಯಿತು ಎಂದರೆ, ಲೋಕಪ್ಪಣ್ಣ ಎದ್ದು ಹಿತ್ತಲಿಗೆ ಹೋದರು. ಒಂದು ಹೊಂಗೆ ಕೊಂಬೆ ಮುರಿದು ತಂದು ಸಂದಿಯಲ್ಲಿ ನೆಟ್ಟು, ಬುಡಕ್ಕೆ ಇಟ್ಟಿಗೆ ಒತ್ತಿ, ದಾರ ಕಟ್ಟಿದರು. ಅಲುಗಾಡಿಸಿ ನೋಡಿದರು, ಒಂದೇ ಸಲ. ಸ್ಟೂಲು ಮಡಚಿ ಬಗಲಿಗೆ ಹಾಕಿಕೊಂಡರು. ನಾನು ತಲೆ ತಗ್ಗಿಸಿ ಹೊರಟೆ. ಹಿಂದಿನಿಂದ ಅವರ ದನಿ ಬಂತು:

"ಗಂಗವ್ವ, ಸುತ್ತಿ ಹೋಗವ್ವ. ಅಲ್ಲಿ ಚಪ್ಪಡಿ ತಗದೈತೆ."

ನಾನು ಕೊಂಬೆಯನ್ನು ಬಲಕ್ಕೆ ಬಿಟ್ಟು ಸುತ್ತಿಕೊಂಡು ಬಂದೆ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಗಿರಣಿಯ ಮೋಟಾರು ಶುರುವಾದದ್ದು ಕೇಳಿಸಿತು.

ನಿಮ್ಮ
ಗಂಗಾ